ಗಿಳಿ ಸ್ಟವ್, ಜಿಂಕೆ ಸ್ಟವ್

ಮೊಮ್ಮಕ್ಕಳೇ, ಮೊನ್ನೆ ನೀವಿಬ್ಬರೂ ಮಿಕ್ಸರಿನ ಸಲುವಾಗಿ ಜಗಳವಾಡಿದಿರಿ. ದಹಿಸರದ ಮನೆಯ ಮಿಕ್ಸರಿಗೆ ಒಂದು ಹೆಸರು, ಬಾಂದ್ರಾದ ಮನೆಯದಕ್ಕೆ ಇನ್ನೊಂದು ಹೆಸರು. ‘ನಮ್ದು ಕಂಪನೀದು, ನಿಮ್ದು ಲೋಕಲ್’ ಎಂದು ಒಬ್ಬರು ಇನ್ನೊಬ್ಬರನ್ನು ಅಳುವವರೆಗೆ ಕಾಡಿಸಿದಿರಿ. ನಾನಾದರೋ, ಬಾಂದ್ರಾದವರು ಮರೆತುಹೋದ ಜಾರನ್ನು ದಹಿಸರದ ಮಿಕ್ಸರಿನ ಮೇಲೆ ಕೂಡಿಸಿ ಆ ಹೊತ್ತಿಗಾಗಲೇ ಚಟ್ನಿ ಅರೆದು ಮುಗಿಸಿದ್ದೆ. ಅದನ್ನು ನೀವಿಬ್ಬರೂ ದೋಸೆಯ ಜೊತೆ ತಿಂದಿರಿ.

ಎದುರು ಕೂತು ಹೇಳುವುದು ನನಗೆ ಆಗುವುದಿಲ್ಲ. ನಾಲ್ಕು ಜನ ನನ್ನ ಮುಖ ನೋಡಿದರೆ ಮಾತು ಗಂಟಲಲ್ಲೇ ಉಳಿಯುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ಓದಲು ಕಷ್ಟವಾದರೆ ನಿಮ್ಮ ನಿಮ್ಮ ಅಮ್ಮನ ಕಡೆ ಓದಿಸಿಕೊಳ್ಳಿ. ಒಬ್ಬರ ಮನೆಯ ಸಾಮಾನನ್ನು ನಕಲಿ ಎಂದು ನಗುವುದು ನಮ್ಮ ಮನೆಯಲ್ಲಿ ಹೊಸದೇನಲ್ಲ. ನಾನು ಮದುವೆಯಾಗಿ ಮುಂಬಯಿಗೆ ಬಂದ ವರ್ಷ, ಆ ನಗೆಯನ್ನು ತಿಂಗಳುಗಟ್ಟಲೆ ಉಂಡವಳು ನಾನು.

ನಮ್ಮೂರು ಧಾರವಾಡದ ಹತ್ತಿರ. ಊರಿನ ಕನ್ನಡ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತೆ. ಅಪ್ಪ ಬೇಗ ತೀರಿಹೋಗಿದ್ದರಿಂದ ಅವ್ವ ನನ್ನನ್ನು ಕಟ್ಟಿಕೊಂಡು ತನ್ನ ಅಣ್ಣನ ಮನೆಯಲ್ಲಿದ್ದಳು. ಸೋದರಮಾವ ಒಳ್ಳೆಯವನು. ಆದರೆ ಮನೆ ನಡೆಸುವವಳು ಮಾಮಿ. ಆಕೆ ಬೈಯುತ್ತಿರಲಿಲ್ಲ, ಬರೀ ಎಣಿಸುತ್ತಿದ್ದಳು. ಯಾರ ತಟ್ಟೆಗೆ ಎಷ್ಟನೆಯ ರೊಟ್ಟಿ ಬಿತ್ತು ಎಂಬುದನ್ನು ಆಕೆಯ ಕಣ್ಣು ಎಣಿಸುತ್ತಿತ್ತು.

ಮದುವೆಯ ಮಾತುಕತೆಯಲ್ಲಿ ಗಂಡಿನವರು ಬಂಗಾರ ಹೆಚ್ಚು ಕೇಳಲಿಲ್ಲ. ಒಂದು ಪಂಪ್ ಸ್ಟವ್ ಕೇಳಿದರು. ಹಿರಿಯ ಸೊಸೆ ಗಿಳಿ ಮಾರ್ಕಿನದು ತಂದಿದ್ದಾಳೆ, ಕಿರಿಯಳೂ ಅದನ್ನೇ ತರಲಿ ಎಂದರು. ಈಗ ನಿಮಗೆ ಸ್ಟವ್ ಎಂದರೆ ಗ್ಯಾಸು. ಆಗಿನದು ಹಿತ್ತಾಳೆಯದು. ಕೆಳಗೆ ದುಂಡನೆಯ ಟಾಕಿ, ಅದರೊಳಗೆ ಸೀಮೆಎಣ್ಣೆ, ಪಕ್ಕದಲ್ಲಿ ಗಾಳಿ ಹೊಡೆಯುವ ಪಂಪು, ನಡುವೆ ಬರ್ನರು, ಮೂರು ಕಾಲು. ಹೊತ್ತಿದರೆ ಭರ್ ಎಂದು ಮನೆಯೆಲ್ಲ ಕೇಳುವಂತೆ ಉರಿಯುತ್ತಿತ್ತು. ನಮ್ಮೂರಲ್ಲಿ ಅದು ಯಾರ ಮನೆಯಲ್ಲೂ ಇರಲಿಲ್ಲ. ಸೋದರಮಾವ ಮುಂಬಯಿಗೆ ಹತ್ತಿಯ ಕೆಲಸಕ್ಕೆ ಹೋದಾಗ ಅಲ್ಲಿನ ಲೋಹಾರ್ ಚಾಳ್ ಪೇಟೆಯ ಅಂಗಡಿಯಿಂದ ತಂದ. ಟಾಕಿಯ ಮೇಲೆ ಬೆಸೆದಿದ್ದ ಬಿಲ್ಲೆಯಲ್ಲಿ ಗಿಳಿ ಇರಲಿಲ್ಲ, ಓಡುವ ಜಿಂಕೆ ಇತ್ತು. ‘ಅಂಗಡಿಯವ ಆಣಿ ಮಾಡಿ ಹೇಳಿದ. ಮಾಲು ಎರಡೂ ಒಂದ, ಬಿಲ್ಲೆ ಅಷ್ಟ ಬ್ಯಾರೆ’ ಎಂದ ಮಾವ. ಗಿಳಿಯದು ಆ ವಾರ ಅಂಗಡಿಯಲ್ಲಿ ಇರಲಿಲ್ಲವಂತೆ.

ಮದುವೆಯ ದಿನ ಒಂದು ತಾಟಿನಲ್ಲಿ ಅಕ್ಕಿ ಹರವಿ, ನಿಮ್ಮ ಅಜ್ಜ ಉಂಗುರದಿಂದ ಅದರಲ್ಲಿ ನನ್ನ ಹೊಸ ಹೆಸರು ಬರೆದರು. ನಮ್ಮ ಕಡೆ ಹಾಗೇ ಪದ್ಧತಿ, ಸೊಸೆಗೆ ಗಂಡನ ಮನೆಯವರು ಹೆಸರಿಡುತ್ತಾರೆ. ಶಾಲೆಯ ಹಾಜರಿಯಲ್ಲಿ ಕೂಗುತ್ತಿದ್ದ ಹೆಸರು ಅಂದಿಗೆ ಮುಗಿಯಿತು. ನಾನು ಅಳಲಿಲ್ಲ. ಎಲ್ಲರಿಗೂ ಆಗುತ್ತದೆ, ನನಗೂ ಆಯಿತು ಎಂದುಕೊಂಡೆ.

ಮಲಾಡಿನ ಚಾಳಿನಲ್ಲಿ ನಮ್ಮ ಮನೆ. ಎರಡು ಖೋಲಿ, ಮುಂದೆ ಗ್ಯಾಲರಿ, ಅಡುಗೆಯ ಖೋಲಿಯ ಮೂಲೆಯಲ್ಲಿ ನೀರು ಕಾಯಿಸಿ ಸ್ನಾನ ಮಾಡುವ ಮೋರಿ. ಅತ್ತೆ, ಭಾವ ಅಂದರೆ ನಿಮ್ಮ ಅಜ್ಜನ ಅಣ್ಣ, ವೈನಿ ಅಂದರೆ ಭಾವನ ಹೆಂಡತಿ, ನಾವಿಬ್ಬರು. ಭಾವ ಮುಂಬಯಿಯ ಕೋಟೆ ಭಾಗದಲ್ಲಿ ಒಂದು ಏಜೆಂಟರ ಆಫೀಸಿನಲ್ಲಿದ್ದರು. ಹಡಗಿನಿಂದ ಬಂದ ಸಾಮಾನನ್ನು ಅಂಗಡಿಗಳಿಗೆ ಹಂಚುವ ಆಫೀಸು.

ನಾನು ಹೊಸ್ತಿಲು ದಾಟಿದ ಮಾರನೆಯ ದಿನ ಅತ್ತೆ ಗೋಣಿತಟ್ಟು ಬಿಚ್ಚಿ ಸ್ಟವ್ ಹೊರಗೆ ತೆಗೆದರು.

‘ಇದೇನಿದು, ಗಿಳಿ ಎಲ್ಲಿ?’

‘ಹಾರಿ ಹೋಗ್ಯದ ಕಾಣಸ್ತದ್ರಿ’ ಎಂದಳು ವೈನಿ.

‘ನಗಬ್ಯಾಡ ನೀ. ಏ ತಂಗಿ, ಮಾತು ಆಗಿದ್ದು ಗಿಳೀದಲ್ಲಾ?’

ನಾನು ಮಾವ ಹೇಳಿದ್ದನ್ನು ಹೇಳಲು ಹೋದೆ. ಅರ್ಧಕ್ಕೇ ನಾಲಗೆ ನಿಂತಿತು. ಭಾವ ಪೇಪರು ಮಡಚಿ ಬಂದು, ಸ್ಟವನ್ನು ಬಗ್ಗಿ ನೋಡಿ, ತಾಯಿಗೆ ಹೇಳಿದರು: ‘ನಕಲಿ ಅದ ಅವ್ವಾ. ಜಿಂಕೀ ಗಿಂಕೀ ಅಂತ ಏನೇನೋ ಬಂದಾವ ಈಗ. ಬೀಗರು ಅಗ್ಗಕ್ಕ ಮುಗಿಸ್ಯಾರ.’

ಅದೇ ದಿನ ತೀರ್ಮಾನವಾಯಿತು. ಗಿಳಿ ಸ್ಟವ್ ಅಡುಗೆಕಟ್ಟೆಯ ಮೇಲೆ, ಮಡಿಯ ಅಡುಗೆಗೆ, ನೈವೇದ್ಯಕ್ಕೆ. ಜಿಂಕೆ ಸ್ಟವ್ ಮೋರಿಯಲ್ಲಿ, ಸ್ನಾನದ ನೀರಿಗೆ, ಬಟ್ಟೆ ಕುದಿಸುವುದಕ್ಕೆ. ಮನೆಗೆ ಬಂದವರಿಗೆಲ್ಲ ಅತ್ತೆ ತೋರಿಸುತ್ತಿದ್ದರು. ‘ಇದು ಹಿರೇ ಸೊಸೀದು. ಅಕಾ ಅಲ್ಲಿ ಮೋರಿಯೊಳಗ ಕೂತದಲ್ಲ, ಅದು ಸಣ್ಣಾಕೀದು.’ ಬಂದವರು ಸ್ಟವನ್ನು ನೋಡಿ ಆಮೇಲೆ ನನ್ನನ್ನು ನೋಡುತ್ತಿದ್ದರು.

ಎರಡು ಸ್ಟವ್ ತಿಕ್ಕುವ ಕೆಲಸ ನನ್ನದು. ಹುಣಸೆಹಣ್ಣು, ಬೂದಿ ಹಚ್ಚಿ ತಿಕ್ಕಿ, ಬರ್ನರು ಬಿಚ್ಚಿ ಮಸಿ ತೆಗೆದು, ಒರೆಸಿ ಮತ್ತೆ ಕೂಡಿಸಬೇಕು. ಕಣ್ಣಿಗಿಂತ ಕೈಗೆ ಬೇಗ ತಿಳಿಯುತ್ತದೆ. ಟಾಕಿಯ ಬೆಸುಗೆ ಎರಡರಲ್ಲೂ ಒಂದೇ ಕಡೆ ಉಬ್ಬಿತ್ತು. ಪಂಪಿನ ಹಿಡಿಯ ಮೇಲಿನ ಗೀರು ಒಂದೇ ತರಹ. ಒಂದು ಮಧ್ಯಾಹ್ನ ಎಲ್ಲರೂ ಮಲಗಿದ್ದಾಗ ಒಂದರ ಬರ್ನರು ಇನ್ನೊಂದಕ್ಕೆ ತಿರುಗಿಸಿ ನೋಡಿದೆ. ಬೆಣ್ಣೆಯಲ್ಲಿ ತಿರುಗಿದ ಹಾಗೆ ಕೂತಿತು. ಮಾವನಿಗೆ ಮಾರಿದ ಅಂಗಡಿಯವ ಸುಳ್ಳು ಹೇಳಿರಲಿಲ್ಲ. ತಿರುಗಿ ಅವುಗಳನ್ನು ಅವುಗಳ ಜಾಗಕ್ಕೇ ಹಾಕಿಟ್ಟೆ. ಯಾರಿಗೂ ಹೇಳಲಿಲ್ಲ. ಪಾಪ, ಇವರಿಗೆ ಗೊತ್ತಿಲ್ಲ, ಗೊತ್ತಿಲ್ಲದವರ ಮೇಲೆ ಸಿಟ್ಟು ಏಕೆ ಎಂದುಕೊಂಡೆ. ಹೌದು, ಅವರ ಮೇಲೆ ನನಗೆ ಕನಿಕರವೇ ಇತ್ತು.

ನಕಲಿ ಎಂದು ನಕ್ಕು ಬಿಟ್ಟಿದ್ದರೆ ಸುಮ್ಮನಿರುತ್ತಿದ್ದೆ. ಬಿಡಲಿಲ್ಲ. ಒಂದು ದಿನ ಅತ್ತೆ ಪೋಸ್ಟ್ ಕಾರ್ಡು ತಂದು ಮುಂದಿಟ್ಟರು.

‘ನಿಮ್ಮವ್ವಗ ಬರಿ. ಮಾತಿನ ಪ್ರಕಾರ ಗಿಳೀದು ಕಳಸ್ರಿ ಅಂತ. ನಿನಗ ಬರೀಲಿಕ್ಕೆ ಬರತದಲ್ಲ?’

ಬರುತ್ತಿತ್ತು. ಆದರೆ ಆ ಕಾರ್ಡು ಯಾರ ಕೈಗೆ ಹೋಗುತ್ತದೆ ಎಂಬುದು ನನಗೆ ಗೊತ್ತಿತ್ತು. ಅವ್ವನಿಗೆ ಓದು ಬಾರದು. ಊರಲ್ಲಿ ಟಪಾಲಿನವನು ಕಾರ್ಡನ್ನು ಕಟ್ಟೆಯ ಮೇಲೆ ಕೂತೇ ಓದಿ ಹೇಳುತ್ತಿದ್ದ. ಮಾಮಿ ಬಾಗಿಲಲ್ಲಿ ನಿಂತು ಕೇಳುತ್ತಾಳೆ. ‘ಮತ್ತೊಂದು ಕೊಡಬೇಕಂತ’ ಎಂದು ಬರೀ ಅಷ್ಟೇ ಅನ್ನುತ್ತಾಳೆ. ಮುಂದೆ ಅವ್ವ ಆ ಮನೆಯಲ್ಲಿ ಉಣ್ಣುವ ಪ್ರತಿ ತುತ್ತಿಗೂ ಆ ಮಾತು ನೆಂಚಿಕೆಯಾಗುತ್ತದೆ. ಅಣ್ಣನ ಮನೆಯಲ್ಲಿ ಇರುವ ವಿಧವೆಗೆ ಎರಡನೆಯ ಸಲ ಕೇಳುವ ಬಾಯಿ ಇರುವುದಿಲ್ಲ. ಹಾಗೆ ಕೇಳು ಎಂದು ನನ್ನ ಕೈಯಿಂದಲೇ ಬರೆದು ಕಳಿಸಬೇಕಿತ್ತು.

‘ನಾಳೆ ಬರೀತೀನ್ರಿ’ ಎಂದೆ. ನಾಳೆ ಬಂತು, ಬರೆಯಲಿಲ್ಲ. ಮಸಿ ಇಲ್ಲ ಎಂದೆ. ಭಾವ ಮಸಿ ತಂದಿಟ್ಟರು. ಕೈ ಸುಟ್ಟಿದೆ ಎಂದೆ. ‘ಸುಟ್ಟ ಕೈಲೆ ರಂಗೋಲಿ ಹೆಂಗ ಹಾಕಿದಿ?’ ಎಂದಳು ವೈನಿ. ನಿಮ್ಮ ಅಜ್ಜ ಜಗಳಕ್ಕೆ ಹೆದರುವವರು. ‘ಬರದುಬಿಡು, ಮುಗೀತದ’ ಎಂದರು. ಅವರ ಮುಖ ನೋಡದೆ, ‘ಬರದ್ರ ಇಲ್ಲಿ ಮುಗೀತದ್ರಿ, ಅಲ್ಲಿ ಚಾಲೂ ಆಗ್ತದ’ ಎಂದೆ. 

ಪಂಚಮಿ ಬಂತು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳನ್ನು ತವರಿಗೆ ಕಳಿಸುತ್ತಾರೆ. ನನ್ನನ್ನು ಕಳಿಸಲಿಲ್ಲ. ‘ಕಾರ್ಡು ಹೋದ ಮ್ಯಾಲೆ ನೀ ಹೋಗಾಕಿ’ ಎಂದರು ಅತ್ತೆ. ಆ ದಿನ ಇಡೀ ಚಾಳಿನಲ್ಲಿ ಒಬ್ಬಳೇ ಮೋರಿಯ ಪಕ್ಕ ಕೂತು ಎರಡೂ ಸ್ಟವ್ ತಿಕ್ಕಿದೆ. ಕಾರ್ಡು ದೇವರ ಗೂಡಿನಲ್ಲಿ ಖಾಲಿಯಾಗಿಯೇ ಇತ್ತು.

ಆಮೇಲೆ ನವರಾತ್ರಿ. ಖಂಡೇನವಮಿಯ ದಿನ ಮನೆಯ ಆಯುಧಗಳಿಗೆಲ್ಲ ಪೂಜೆ. ಈಳಿಗೆ, ಒನಕೆ, ಭಾವನ ಫೌಂಟನ್ ಪೆನ್ನು, ಗಿಳಿ ಸ್ಟವ್. ಜಿಂಕೆಯನ್ನು ತರಲೇ ಎಂದು ಕೇಳಿದೆ.

‘ಮೋರೀ ಒಳಗಿನ ಸಾಮಾನಿಗೆ ಎಲ್ಲಿ ಪೂಜಿ?’ ಎಂದರು ಅತ್ತೆ.

ವೈನಿ ಗಿಳಿ ಸ್ಟವನ್ನು ದೇವರ ಮುಂದೆ ಇಡಬೇಕಲ್ಲ, ಸೀಮೆಎಣ್ಣೆಯ ನಾತ ಬರಬಾರದು ಎಂದು ಟಾಕಿಯನ್ನು ಪೂರ್ತಿ ಬರಿದು ಮಾಡಿದಳು. ಒಳಗೆ ಹುಣಸೆಯ ನೀರು ಹಾಕಿ ಕುಲುಕಿ, ಬಿಸಿನೀರಿನಿಂದ ತೊಳೆದು, ಗ್ಯಾಲರಿಯ ಬಿಸಿಲಿಗೆ ಬೋರಲು ಹಾಕಿದಳು. ಮಡಿಯ ಹೆಂಗಸರು ತಂಬಿಗೆ ತೊಳೆಯುವ ಹಾಗೆ. ಆಮೇಲೆ ಬರ್ನರಿನ ನೆತ್ತಿಗೆ ಗಟ್ಟಿಯಾಗಿ ಗಂಧ ಬಳಿದು, ಅದರ ಮೇಲೆ ಅರಿಶಿನ ಕುಂಕುಮ ಏರಿಸಿ, ಅಕ್ಷತೆ ಹಾಕಿ, ಸೇವಂತಿಗೆ ಇಟ್ಟಳು. ಗಿಳಿಯ ಬಿಲ್ಲೆಗೂ ಕುಂಕುಮ. ಅತ್ತೆ ಆರತಿ ಎತ್ತಿದರು. ಆ ದಿನ ಆಯುಧ ಮುಟ್ಟುವ ಹಾಗಿಲ್ಲ, ಹಿಂದಿನ ದಿನ ಮಾಡಿಟ್ಟದ್ದನ್ನೇ ಉಂಡೆವು. ಮೋರಿಯ ಜಿಂಕೆ ಮಾತ್ರ ಎಂದಿನ ಹಾಗೆ ನೀರು ಕಾಯಿಸಿತು.

ಮಾರನೆಯ ದಿನ ದಸರೆ. ಭಾವನ ಆಫೀಸಿನ ಸಾಹೇಬರು ನಮ್ಮ ಕಡೆಯವರೇ, ದಾದರಿನಲ್ಲಿ ಇದ್ದರು. ಬನ್ನಿ ಕೊಡಲು ಹೆಂಡತಿಯೊಡನೆ ಊಟಕ್ಕೇ ಬರುತ್ತೇವೆ ಎಂದಿದ್ದರು. ಹೋಳಿಗೆ, ಕಟ್ಟಿನ ಸಾರು, ಚಿತ್ರಾನ್ನ. ವೈನಿ ಮಡಿಯುಟ್ಟು ಗಿಳಿ ಸ್ಟವಿಗೆ ಎಣ್ಣೆ ಹಾಕಿ ಪಂಪು ಹೊಡೆದಳು. ಅದು ಕೆಮ್ಮಿತು. ತೊಳೆದಾಗ ಒಳಗೆ ಉಳಿದಿದ್ದ ನೀರನ್ನು ಪುಸ್ ಎಂದು ಉಗುಳಿತು. ಹಳದಿ ಉರಿ ಒಂದು ಸಲ ಚಾವಣಿಯತ್ತ ಎದ್ದು ಆರಿಹೋಯಿತು. ಗಂಧ ಬರ್ನರಿನ ಸಣ್ಣ ತೂತಿನಲ್ಲಿ ಇಳಿದು ಕಲ್ಲಾಗಿತ್ತು. ಪಿನ್ನು ಹಾಕಿ ತಿವಿದಳು, ಪಿನ್ನು ಮುರಿದು ಒಳಗೇ ಉಳಿಯಿತು.

‘ಆರತಿ ಜಾಸ್ತಿ ಆತು ಅದಕ್ಕ’ ಎಂದು ಭಾವ ಗ್ಯಾಲರಿಯಿಂದಲೇ ನಕ್ಕರು. ನಗುವ ಹೊತ್ತಾಗಿರಲಿಲ್ಲ. ಹಬ್ಬಕ್ಕೆ ಅಂಗಡಿಗಳು ಮುಚ್ಚಿದ್ದವು. ಸ್ಟವ್ ಬಂದ ಮೇಲೆ ಇದ್ದಿಲ ಶೇಗಡಿಯನ್ನು ಅತ್ತೆ ಯಾರಿಗೋ ಕೊಟ್ಟುಬಿಟ್ಟಿದ್ದರು. ನೆರೆಯವರ ಸ್ಟವ್ ಕೇಳೋಣವೆಂದರೆ ಅವರ ಮನೆಯಲ್ಲೂ ಹಬ್ಬ.

ನಾನು ಹೂರಣಕ್ಕೆ ಬೇಳೆ ತೊಳೆಯುತ್ತಾ ಕೂತಿದ್ದೆ. ಭಾವ ಅಡುಗೆಯ ಖೋಲಿಯ ಬಾಗಿಲಿಗೆ ಬಂದರು.

‘ಇಷ್ಟಕ್ಕ ಯಾಕ ಒದ್ದಾಡ್ತೀರಿ? ಇದರ ಟಾಕಿ ಬಗ್ಗಿಸಿ ನೀರು ತಗೀರಿ. ಮೋರೀ ಸ್ಟೋದ ತಲಿ, ಆ ಬರ್ನರು, ಬಿಚ್ಚಿ ಇದಕ್ಕ ಹಾಕ್ರಿ.’

‘ಜಿಂಕೀದು ಗಿಳಿಗೆ ಹೆಂಗ ಕೂಡೀತೋ?’ ಎಂದರು ಅತ್ತೆ.

‘ಕೂಡದ ಏನವಾ? ಎರಡೂ ಒಂದ ಕಾರ್ಖಾನ್ಯಾಗ ಆದವು. ತಗೊಂಡ ಡೀಲರ್ ಯಾವ ಹೆಸರು ಹೇಳ್ತಾನೋ ಆ ಬಿಲ್ಲೆ ಹಚ್ಚಿ ಕೊಡ್ತಾರ. ನಮ್ಮ ಆಫೀಸಿಗೆ ಇಂಥಾ ಮಾಲು ದಿನಾ ಬರ್ತದ.’

ಮಳೆ ಬಂತು ಎಂದಷ್ಟೇ ಹಗುರಾಗಿ ಹೇಳಿದರು. ನನ್ನ ಕೈ ಬೇಳೆಯ ನೀರಿನಲ್ಲೇ ನಿಂತಿತು. ಗೊತ್ತಿತ್ತು. ಮೊದಲ ದಿನ ಬಗ್ಗಿ ನೋಡಿ ನಕಲಿ ಎಂದಾಗಲೂ ಭಾವನಿಗೆ ಗೊತ್ತಿತ್ತು. ಮಸಿ ತಂದಿಟ್ಟಾಗಲೂ ಗೊತ್ತಿತ್ತು. ಗೊತ್ತಿಲ್ಲದವರು ಎಂದು ನಾನು ಕನಿಕರಪಟ್ಟಿದ್ದೆನಲ್ಲ!

‘ಬಿಚ್ಚು ತಂಗಿ, ಲಗೂ ಬಿಚ್ಚು’ ಎಂದರು ಅತ್ತೆ.

‘ನಾ ಬಿಚ್ಚೂದಿಲ್ರಿ.’

 ವೈನಿ ಬಾಯಿಗೆ ಸೆರಗು ಹಿಡಿದಳು. ‘ಅಯ್ಯ, ಗೊಂಬಿ ಮಾತಾಡ್ತು ನೋಡ್ರಿ!’

ಆಗಿನ ಕಾಲಕ್ಕೆ ಸೊಸೆಯಾದವಳು ಗಂಡನ ಅಣ್ಣನ ಜೊತೆ ನೇರ ಮಾತಾಡುವ ಹಾಗಿರಲಿಲ್ಲ. ಅವರು ಮೂರು ಮಾರು ದೂರದಲ್ಲಿ ನಿಂತಿದ್ದರೂ ಅತ್ತೆಯ ಮೂಲಕವೇ ಹೇಳಬೇಕು. ಸೆರಗು ಹೊದ್ದುಕೊಂಡು, ನೆಲ ನೋಡುತ್ತಾ ಹೇಳಿದೆ.

‘ಅತ್ತ್ಯಾರ, ಭಾವನ್ನ ಒಂದು ಮಾತು ಕೇಳ್ರಿ. ಎರಡೂ ಒಂದ ಅಂತ ಅವರಿಗೆ ಯಾವಾಗಿಂದ ಗೊತ್ತದ?’

‘ಹಬ್ಬದ ದಿನ ಇದೆಲ್ಲಾ ಯಾಕ ಅಂತ ಹೇಳವಾ ಆಕೀಗೆ’ ಎಂದರು ಭಾವ.

‘ಹಬ್ಬದ ದಿನಾನ ಬೇಕ್ರಿ. ನಕಲಿ ಅಂತ ಹೇಳಿ ನಮ್ಮವ್ವಗ ಮತ್ತೊಂದು ಕೇಳಲಿಕ್ಕೆ ಹಚ್ಚಿದ್ರಿ. ಪಂಚಮಿಗೆ ಕಳಸಲಿಲ್ಲ. ಇವತ್ತ ಅಡಗಿ ನಿಂತ ಕೂಡ್ಲೆ ಅದ ನಕಲೀದರ ತಲಿ ಬೇಕಾತೇನ್ರಿ?’

 ಅತ್ತೆ ಕಟ್ಟೆಯ ಮೇಲೆ ಕೈಯೂರಿದರು.

‘ಮಾಲು ಒಂದ ಇರಲಿ ಬಿಡೋ, ಹೆಸರು ಬ್ಯಾರೆ ಹೌದಲ್ಲೋ? ಮಂದಿ ನೋಡೂದು ಹೆಸರು. ಹೆಸರು ಬ್ಯಾರೆ ಆದ್ರ ಸಾಮಾನೂ ಬ್ಯಾರೆನ.’

‘ಹಂಗಾದ್ರ ನೀವು ಅಕ್ಕಿಯೊಳಗ ಬರದು ನನ್ನ ಹೆಸರು ಬದಲಿ ಮಾಡಿದ್ರಿ. ನಮ್ಮವ್ವ ಕೊಟ್ಟ ಮಗಳು ಬ್ಯಾರೆ, ನಿಮ್ಮ ಮನಿಗೆ ಬಂದ ಸೊಸಿ ಬ್ಯಾರೆ ಏನ್ರಿ? ಅವತ್ತ ಯಾರೂ ನಕಲಿ ಅನ್ನಲಿಲ್ಲ.’

 ನಾನು ಮುಗಿಸಿಯೇ ಬಿಡಬೇಕಿತ್ತು, ಇಲ್ಲದಿದ್ದರೆ ಮತ್ತೆಂದೂ ಬಾಯಿ ಬರುತ್ತಿರಲಿಲ್ಲ.

‘ತಲಿ ಬಿಚ್ಚಿ ಕೊಡೂದಿಲ್ರಿ. ಬೇಕಂದ್ರ ಇಡೀ ಸ್ಟೋ ಬರ್ತದ. ಜಿಂಕೀ ಬಿಲ್ಲೆ ಎಲ್ಲಾರಿಗೂ ಕಾಣೂ ಹಂಗ ಕಟ್ಟೀ ಮ್ಯಾಲೆ ಕೂಡ್ತದ. ಕಾರ್ಡು ನಾ ಬರಿಯೂದಿಲ್ಲ. ಇವತ್ತೂ ಇಲ್ಲ, ದೀಪಾವಳಿಗೂ ಇಲ್ಲ.’

‘ಮೋರೀ ಒಳಗಿಂದು, ಮಡೀ ಅಡಗಿಗೆ?’ ಅತ್ತೆಯ ದನಿ ಸಣ್ಣದಾಗಿತ್ತು.

‘ಅಗ್ನಿಗೆ ಮೈಲಿಗಿ ಇಲ್ಲಂತ ನೀವ ಹೇಳ್ತೀರಲ್ರಿ.’

ಭಾವ ಗಡಿಯಾರ ನೋಡಿದರು. ಸಾಹೇಬರು ಲೋಕಲ್ ರೈಲು ಹತ್ತುವ ಹೊತ್ತು. ‘ತರಸವಾ’ ಎಂದರು. ನಾನು ಏಳುವ ಮೊದಲೇ ನಿಮ್ಮ ಅಜ್ಜ ಎದ್ದಿದ್ದರು. ಹೊಸ ಧೋತರ ಉಟ್ಟಿದ್ದರು. ಹಾಗೇ ಮೋರಿಗೆ ಇಳಿದು, ಸ್ಟವನ್ನು ಎರಡೂ ಕೈಯಲ್ಲಿ ಹಿಡಿದು ತಂದು, ತಳದ ಹಸಿಯನ್ನು ಧೋತರದ ಚುಂಗಿನಿಂದಲೇ ಒರೆಸಿ ಕಟ್ಟೆಯ ಮೇಲೆ ಇಟ್ಟರು. ಬಿಲ್ಲೆ ಗೋಡೆಯ ಕಡೆ ಇತ್ತು. ತಿರುಗಿಸಿ ನಮ್ಮ ಕಡೆ ಮಾಡಿದರು. ಕಾರ್ಡು ಬರೆ ಎಂದವರು ಅವರೇ. ಆ ಮಾತನ್ನೂ ಇಲ್ಲಿ ನಿಮಗೆ ಬರೆದೆ, ಇದನ್ನೂ ಬರೆಯುತ್ತಿದ್ದೇನೆ.

ಅತ್ತೆ ಅದರ ಮೇಲೆ ನೀರು ಚಿಮುಕಿಸಿದರು. ನಾನು ಪಂಪು ಹೊಡೆದೆ. ಭರ್ ಎಂದು ನೀಲಿ ಉರಿ ಎದ್ದಿತು. ಹೋಳಿಗೆಯ ಹಂಚು ಇಟ್ಟೆ.

ಸಾಹೇಬರ ಹೆಂಡತಿ ಊಟಕ್ಕೆ ಮೊದಲು ಒಳಗೆ ಬಂದು ನಿಂತರು. ‘ಎಷ್ಟು ಚಂದ ಉರೀತದ್ರಿ ಸ್ಟೋ! ಯಾರದಿದು?’ ಎಂದು ಕೇಳಿದರು. ಅತ್ತೆ ವೈನಿಯ ಮುಖ ನೋಡಿದರು. ಅವರು ಏನಾದರೂ ಹೇಳುವ ಮೊದಲು ನಾನೇ, ‘ನಂದ್ರಿ. ಜಿಂಕೀ ಮಾರ್ಕು. ನಮ್ಮವ್ವ ಕೊಟ್ಟದ್ದು’ ಎಂದೆ. ಪರಿಚಯವಿಲ್ಲದವರ ಮುಂದೆ ಅಷ್ಟು ಗಟ್ಟಿಯಾಗಿ ನಾನು ಹಿಂದೆ ಮಾತಾಡಿರಲಿಲ್ಲ, ಮುಂದೆಯೂ ಹೆಚ್ಚು ಆಡಿಲ್ಲ.

ಹಬ್ಬ ಕಳೆದ ಮೇಲೆ ಭಾವ ಗಿಳಿಗೆ ಹೊಸ ಬರ್ನರು ತಂದರು. ಅದು ಬಂದ ಡಬ್ಬಿಯ ಮೇಲೆ ಗಿಳಿಯೂ ಇರಲಿಲ್ಲ, ಜಿಂಕೆಯೂ ಇರಲಿಲ್ಲ, ಹಡಗಿನ ಚಿತ್ರ ಇತ್ತು. ಸರಿಯಾಗಿ ಕೂತಿತು. ಅತ್ತೆ ಕಾದಿದ್ದವರಂತೆ, ‘ಗಿಳಿ ರಿಪೇರಿ ಆತು. ಇನ್ನ ಜಿಂಕೀನ ಮೋರಿಗಿಡು’ ಎಂದರು.

ನಾನು ಜಿಂಕೆಯ ಮೇಲೆ ಅನ್ನಕ್ಕೆ ಇಟ್ಟಿದ್ದೆ. ಇಳಿಸಲಿಲ್ಲ. ಅವರು ಇನ್ನೊಮ್ಮೆ ಹೇಳಿದರು. ಆಗ ವೈನಿ ಮೊರ ಕೆಳಗಿಟ್ಟು ಎದ್ದಳು. ಎಲ್ಲರಿಗಿಂತ ಹೆಚ್ಚು ನನ್ನನ್ನು ಚೇಷ್ಟೆ ಮಾಡಿದವಳು ಅವಳೇ.

‘ನಮ್ಮಪ್ಪ ಮೊದಲ ಕೊಟ್ಟದ್ದೂ ಗಿಳೀದಲ್ಲ’ ಎಂದಳು, ನನಗಲ್ಲ, ಗೋಡೆಗೆ ಹೇಳುವ ಹಾಗೆ. ‘ನಾ ಅವತ್ತ ಕಾರ್ಡು ಬರದೆ. ಗಿಳೀದು ಬಂತು. ಮೊದಲಿಂದು ಎಲ್ಲಿ ಹೋತು ಅಂತ ಯಾರೂ ಹೇಳಲಿಲ್ಲ.’

ತನ್ನ ಗಿಳಿಯನ್ನು ತಾನೇ ಎತ್ತಿಕೊಂಡು ಹೋಗಿ ಮೋರಿಯಲ್ಲಿಟ್ಟು, ನೀರಿನ ಹಂಡೆ ಏರಿಸಿದಳು. ‘ಈ ವಾರ ನಂದು ಇಲ್ಲಿ. ಬರೂ ವಾರ ನಿಂದು. ಪಾಳಿ ತಪ್ಪಿಸಿದಿ ಅಂದ್ರ ಜುಟ್ಟು ಹಿಡೀತೀನಿ ನೋಡು.’

ಅತ್ತೆ ಬಹಳ ದಿನ ನನ್ನೊಡನೆ ಬಾಯಿಬಿಟ್ಟು ಮಾತಾಡಲಿಲ್ಲ. ನಾನೂ ಕ್ಷಮೆ ಕೇಳಲಿಲ್ಲ. ತಪ್ಪು ಮಾಡಿರಲಿಲ್ಲ, ಕೇಳುವುದು ಏನಿತ್ತು? ದೀಪಾವಳಿಗೆ ಮಾತ್ರ ತವರಿಗೆ ಕಳಿಸಿದರು.

ಊರಿಗೆ ಹೋದ ದಿನ ಅವ್ವ ನನ್ನನ್ನು ಹಿತ್ತಿಲ ಕಡೆ ಕರೆದು, ಸೆರಗಿನ ಚುಂಗು ತಿರುವುತ್ತಾ, ‘ಸ್ಟೋ ನಡೀತೇನು? ಅವರು ಏನರ ಅಂದ್ರೇನು?’ ಎಂದು ಪಿಸುಗುಟ್ಟಿದಳು. ಪಂಚಮಿಗೆ ನಾನು ಬಾರದೆ ಇದ್ದಾಗಿನಿಂದ ಅವಳು ಅದನ್ನೇ ನುಂಗಿಕೊಂಡಿದ್ದಳು. ಒಳಗೆ ಮಾಮಿ ಅಕ್ಕಿ ಕೇರುವ ಸಪ್ಪಳ ನಿಂತಿತು. ಕಿವಿ ಇತ್ತ ತಿರುಗಿದೆ ಎಂದು ಗೊತ್ತಾಯಿತು.

ಆ ಮನೆಗೆ ಬಂದಾಗಿನಿಂದ ನಾನು ಮೆಲ್ಲಗೇ ಮಾತಾಡಿದವಳು. ಅಂದು ಮಾಮಿಗೂ, ಪಕ್ಕದ ಮನೆಗೂ ಕೇಳುವ ಹಾಗೆ ಹೇಳಿದೆ:

‘ಏನಂತಾರವಾ? ದಸರೀ ಹೋಳಗಿ ಅದರ ಮ್ಯಾಲೆನ ಆದವು. ಆ ಮನ್ಯಾಗ ಅದ ಕಟ್ಟೀ ಮ್ಯಾಲೆ ಮುಂದ ಕೂತದ.’